ಧಾರವಾಡದ ಗುಡ್ಡ, ಕುಂದಗೋಳದ ಹುಡುಗರು

(ಕುಂದಗೋಳದಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಕಾಲಕ್ಕೆ ವಿದ್ಯೆಗಾಗಿ ಜನರು ರೈಲು ಹತ್ತಿ ನಮ್ಮ ಕುಂದಗೋಳಕ್ಕೆ ಬರುತ್ತಿದ್ದರು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಬಂದು ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಉಳಿದು, ನೀರು ಹೊತ್ತು, ಹಾಡು ಕಲಿತರು. ಕೋಣೆ ಬಾಡಿಗೆಯ ಮಾತೇ ಅಲ್ಲಿರಲಿಲ್ಲ. ಈಗ ನಮ್ಮ ಮಕ್ಕಳು ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಹೋಗಬೇಕು. ದಾರಿ ದೂರದ್ದೇನಲ್ಲ. ಆದರೂ ಅರ್ಧಕ್ಕೇ ತಿರುಗಿ ಬರುವವರನ್ನು ನಾವು ಪ್ರತಿವರ್ಷ ನೋಡುತ್ತಿದ್ದೇವೆ.

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1950ರಲ್ಲಿ ಧಾರವಾಡಕ್ಕೆ ಬಂದಿತು. ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಅದರ ಹೊಣೆ ಹೊತ್ತು, ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಕಟ್ಟಿಸಿದರು. ಕಟ್ಟಡ ನೋಡಿದರೆ ಹೆಮ್ಮೆ ಎನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಊರು ವಿದ್ಯೆಯ ಊರಾದದ್ದು ಕಟ್ಟಡದಿಂದಲ್ಲ. 1917ರ ಕರ್ನಾಟಕ ಕಾಲೇಜಿಗೆ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಊರೂರು ತಿರುಗಿ ಹಣ ಕೂಡಿಸಿದರು. ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ಮಕ್ಕಳಿಗೆ ಲೆಕ್ಕವಿಲ್ಲ. ಇಪ್ಪತ್ತರ ದಶಕದ ಕೊನೆಗೆ ಡಾ. ಅಂಬೇಡಕರರು ದಲಿತ ವಿದ್ಯಾರ್ಥಿಗಳಿಗಾಗಿ ಅಲ್ಲಿ ವಸತಿಗೃಹ ತೆರೆಯಿಸಿದರು. ಆ ಕಾಲದ ಬೋರ್ಡಿಂಗುಗಳು ಬಹುತೇಕ ಜಾತಿಗೊಂದರಂತೆ ಇದ್ದವು. ಅದನ್ನು ನಾವು ಹೊಗಳುವುದಿಲ್ಲ. ಆದರೆ ಹಸಿದ ಹೊಟ್ಟೆಯಲ್ಲಿ ಪಾಠ ಹತ್ತುವುದಿಲ್ಲವೆಂಬುದು ಅವುಗಳನ್ನು ಕಟ್ಟಿದವರಿಗೆ ತಿಳಿದಿತ್ತು.

ಇಂದಿನ ಮಾತಿಗೆ ಬರೋಣ. ನಮ್ಮೂರಿನ ಒಬ್ಬ ಹಮಾಲರ ಮಗ ಎಂ.ಎ.ಗೆ ಸೇರಿದ. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಕೋಣೆ ಹುಡುಕಲು ಅವನ ಸಂಗಡ ನಾವೂ ಹೋದೆವು. ಒಂದು ಮನೆಯವರು ಮೊದಲು ಕೇಳಿದ್ದು ಜಾತಿ, ಆಮೇಲೆ ಹತ್ತು ತಿಂಗಳ ಮುಂಗಡ. ಎರಡಕ್ಕೂ ಅವನ ಹತ್ತಿರ ಅವರಿಗೆ ಒಪ್ಪುವ ಉತ್ತರವಿರಲಿಲ್ಲ. ಕೊನೆಗೆ ಸಪ್ತಾಪುರದ ಕಡೆ, ನೌಕರಿಯ ಪರೀಕ್ಷೆಗೆ ಓದುವ ನಾಲ್ವರ ಕೋಣೆಯಲ್ಲಿ ಐದನೆಯವನಾಗಿ ಸೇರಿಕೊಂಡ. ಒಂದೇ ಒಲೆ, ಸರದಿಯ ಮೇಲೆ ಅನ್ನ. ದೀಪಾವಳಿಯ ಹೊತ್ತಿಗೆ ಟ್ರಂಕು ಹೊತ್ತು ಊರಿಗೆ ಬಂದ. ಈಗ ತಂದೆಯ ಜೊತೆ ಹತ್ತಿಯ ಅಂಡಿಗೆ ಎತ್ತುತ್ತಾನೆ. ಅಂಡಿಗೆ ಎತ್ತುವುದರಲ್ಲಿ ಅವಮಾನವಿಲ್ಲ, ಅವನ ತಂದೆ ಇಲ್ಲಿಯೇ ಕುಳಿತಿದ್ದಾರೆ. ಆದರೆ ಅವನು ತಾನಾಗಿ ಆರಿಸಿಕೊಂಡ ಕೆಲಸ ಅದಲ್ಲ.

ಹೆಣ್ಣುಮಕ್ಕಳದು ಬೇರೆ ಬಗೆ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿಲ್ಲ, ಒಳ್ಳೆಯದಾಯಿತು. ಹಾಗೆಂದೇ ದಿನಾ ಹೋಗಿಬರುವವರು ಹೆಚ್ಚಿದ್ದಾರೆ. ಆದರೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಗ್ರಂಥಾಲಯದಿಂದ ಅರ್ಧಕ್ಕೇ ಎದ್ದು ಬರುತ್ತಾರೆ. ಬಸ್ಸಿನ ಖರ್ಚು ಉಳಿಯಿತು, ಓದಿನ ಹೊತ್ತು ಹೋಯಿತು.

ಸೀಟು ಕೊಟ್ಟ ಸರಕಾರ ವಸತಿಯನ್ನೂ ಕೊಡಬೇಕೆಂದು ನಾವು ಕೇಳುತ್ತಲೇ ಇರುತ್ತೇವೆ, ಮನವಿಗೆ ನಿಮ್ಮ ಸಹಿ ಬೇಕು. ಆದರೆ ಮನವಿಗೆ ಉತ್ತರ ಬರುವವರೆಗೆ ಹುಡುಗರು ಉಪವಾಸ ಕೂಡ್ರಲಾರರು. ಧಾರವಾಡದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯೋಣ. ಜಾತಿ ಕೇಳುವುದಿಲ್ಲ, ಅಡಿಗೆ ಒಂದೇ. ಕಾರ್ಮಿಕರು ತಿಂಗಳಿಗೆ ಒಂದು ದಿನದ ಚಹದ ದುಡ್ಡು, ಅಂಗಡಿಕಾರರು ಜೋಳ, ಬೇಳೆ, ಖಾರ ಕೊಟ್ಟರೆ ಸಾಕು. ಲೆಕ್ಕವನ್ನು ಪ್ರತಿ ತಿಂಗಳು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬರುವ ರವಿವಾರ ಮುಂಜಾನೆ ಚೀಲ ಹಿಡಿದು ಪೇಟೆಯಿಂದ ಹೊರಡುತ್ತೇವೆ. ಆ ಹುಡುಗನೂ ನಮ್ಮ ಸಂಗಡ ಬರುತ್ತಾನೆ.