ನಿಷ್ಠೆ ಯಾರ ಋಣ?

(ಬಾನುಲಿ ಭಾಷಣ)

ಕನ್ನಡದ ಹಳೆಯ ಶಾಸನಗಳನ್ನೂ ಕಾವ್ಯಗಳನ್ನೂ ಓದಿದವರಿಗೆ ಜೋಳವಾಳಿ, ವೇಳೆವಾಳಿ ಎಂಬ ಎರಡು ಮಾತುಗಳು ಪರಿಚಿತವಾದವು. ಒಡೆಯನ ಮನೆಯ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ರಣರಂಗದಲ್ಲಿ ತೀರಿಸುವುದು ಜೋಳವಾಳಿ. ಒಡೆಯನ ಬಾಳೇ ತನ್ನ ಬಾಳು, ಅವನ ಸಾವೇ ತನ್ನ ಸಾವು ಎಂದು ವ್ರತ ತೊಟ್ಟು ನಡೆಯುವುದು ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಕುವರ ಲಕ್ಷ್ಮನ ಕಂಬವನ್ನು ನೋಡಿದವರು ಈ ವ್ರತದ ತೀವ್ರತೆಯನ್ನು ಬಲ್ಲರು. ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಅವನ ಈ ದಂಡನಾಯಕ ತನ್ನವರೊಡನೆ ಪ್ರಾಣವನ್ನೇ ಅರ್ಪಿಸಿದ. ಈ ಮಾತುಗಳ ಅರ್ಥವನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವನು ನಾನು. ವರ್ಷಕ್ಕೊಬ್ಬನಾದರೂ ವಿದ್ಯಾರ್ಥಿ ಎದ್ದು ಕೇಳುತ್ತಿದ್ದ: “ಒಡೆಯ ಕೆಟ್ಟವನಾಗಿದ್ದರೆ?” ವ್ರತ ಆ ಪ್ರಶ್ನೆಯನ್ನು ಕೇಳುವುದಿಲ್ಲ ಎಂದು ಉತ್ತರ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ.

ಆ ಪ್ರಶ್ನೆ ಮತ್ತೆ ನನ್ನ ಎದುರಿಗೆ ಬಂದು ನಿಂತದ್ದು ತೀರ ಅನಿರೀಕ್ಷಿತವಾದ ಒಂದು ಸ್ಥಳದಲ್ಲಿ. 2024ರ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಒಂದು ಸಣ್ಣ ಊರಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ನನ್ನ ಮಗಳ ಮನೆಯ ಮುಂದಿನ ಹಿಮವನ್ನು ಕೇಳದೆಯೇ ಗುಡಿಸಿ ಕೊಡುತ್ತಿದ್ದ ಸಜ್ಜನರು. ಮೇ 30ರಂದು ನ್ಯೂಯಾರ್ಕಿನ ಜ್ಯೂರಿ ಮಾಜಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರನ್ನು ವ್ಯಾಪಾರದ ದಾಖಲೆಗಳನ್ನು ಸುಳ್ಳಾಗಿ ಬರೆಸಿದ 34 ಅಪರಾಧಗಳಲ್ಲಿಯೂ ತಪ್ಪಿತಸ್ಥರೆಂದು ಸಾರಿತು. ಮರುದಿನ ಬೆಳಿಗ್ಗೆ ನೋಡಿದರೆ ನೆರೆಯವರ ಅಂಗಳದಲ್ಲಿ ಅದೇ ಟ್ರಂಪ್ ಅವರ ಹೆಸರಿನ ಫಲಕ ಹೊಸದಾಗಿ ಎದ್ದು ನಿಂತಿತ್ತು.

ಆ ಫಲಕದ ಅರ್ಥವನ್ನು ತಿಳಿಯಲು ಮಾಡಿದ ಪ್ರಯತ್ನವೇ ಈ ಭಾಷಣ.

ಮೊದಲು ಸಂಗತಿಗಳನ್ನು ಸಂಕ್ಷೇಪವಾಗಿ ನೆನೆಯೋಣ. 2015ರ ಜೂನ್ ತಿಂಗಳಲ್ಲಿ ಟ್ರಂಪ್ ಅವರು ಉಮೇದುವಾರಿಕೆಯನ್ನು ಸಾರಿದರು. ಮರುತಿಂಗಳೇ, ವಿಯಟ್ನಾಮಿನಲ್ಲಿ ಐದು ವರ್ಷಕ್ಕೂ ಮಿಕ್ಕು ಸೆರೆಯಲ್ಲಿ ನರಳಿದ ಸೆನೆಟರ್ ಜಾನ್ ಮೆಕೇನ್ ಅವರನ್ನು, ಸೆರೆ ಸಿಕ್ಕಿದವನೆಂಬ ಕಾರಣಕ್ಕೆ ಹಳಿದರು. ಇನ್ನು ಇವರ ಕಥೆ ಮುಗಿಯಿತೆಂದು ಪಂಡಿತರು ಬರೆದರು, ಮುಗಿಯಲಿಲ್ಲ. 2016ರ ಜನವರಿಯಲ್ಲಿ ಅಯೋವ ರಾಜ್ಯದ ಸಭೆಯೊಂದರಲ್ಲಿ, ತಾನು ನ್ಯೂಯಾರ್ಕಿನ ಐದನೆಯ ಅವೆನ್ಯೂವಿನ ನಡುವೆ ನಿಂತು ಯಾರಿಗಾದರೂ ಗುಂಡು ಹೊಡೆದರೂ ತನ್ನ ಮತಗಳು ಕಡಮೆಯಾಗವು ಎಂದು ಅವರೇ ಹೇಳಿಕೊಂಡರು. ಅಕ್ಟೋಬರ್ 7ರಂದು, ಹೆಂಗಸರ ಮೈಮುಟ್ಟುವ ವಿಷಯದಲ್ಲಿ ಅವರು 2005ರಲ್ಲಿ ಆಡಿದ ಅಸಹ್ಯದ ಮಾತಿನ ಧ್ವನಿಮುದ್ರಣ ಹೊರಬಿತ್ತು. ಅವರ ಪಕ್ಷದ ಮುಖಂಡರೇ ಕೆಲವರು ದೂರ ಸರಿದರು. ಒಂದು ತಿಂಗಳಾದ ಮೇಲೆ ಅವರು ಗೆದ್ದರು.

ಅಧ್ಯಕ್ಷರಾಗಿದ್ದಾಗ ಎರಡು ಸಲ, 2019ರಲ್ಲಿ ಮತ್ತು 2021ರಲ್ಲಿ, ಮಹಾಭಿಯೋಗಕ್ಕೆ ಗುರಿಯಾದರು. ಎರಡು ಸಲವೂ ಸೆನೆಟ್ ಅವರನ್ನು ಬಿಡುಗಡೆ ಮಾಡಿತು. 2020ರ ಸೋಲನ್ನು ಅವರು ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರ ಗುಂಪು ಸಂಸತ್ ಭವನಕ್ಕೆ ನುಗ್ಗಿತು. 2023ರಲ್ಲಿ ನಾಲ್ಕು ಕ್ರಿಮಿನಲ್ ಮೊಕದ್ದಮೆಗಳು ಹೂಡಲ್ಪಟ್ಟವು. ಅದೇ ವರ್ಷ ಸಿವಿಲ್ ಜ್ಯೂರಿಯೊಂದು ಲೇಖಕಿಯೊಬ್ಬರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅವರನ್ನು ಹೊಣೆಯೆಂದು ಸಾರಿತು. ಎಲ್ಲವನ್ನೂ ಅವರು ಅಲ್ಲಗಳೆದಿದ್ದಾರೆ. 2024ರ ನವೆಂಬರಿನಲ್ಲಿ 7 ಕೋಟಿ 70 ಲಕ್ಷಕ್ಕೂ ಹೆಚ್ಚು ಮತಗಳನ್ನು ಪಡೆದು ಮತ್ತೆ ಅಧ್ಯಕ್ಷರಾದರು. ಜ್ಯೂರಿ ನಿರ್ಣಯಿಸಿದ ಅಪರಾಧಗಳಿಗೆ 2025ರ ಜನವರಿಯಲ್ಲಿ ನ್ಯಾಯಾಧೀಶರು ಯಾವ ದಂಡನೆಯನ್ನೂ ವಿಧಿಸಲಿಲ್ಲ.

ಇದು ಅಮೆರಿಕ ಹಿಂದೆಂದೂ ಕಾಣದ ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಟ್ರಂಪ್ ಅವರಿಗಿಂತ ಮೊದಲು, ಒಮ್ಮೆ ಸೋತು ಮತ್ತೆ ಅಧ್ಯಕ್ಷನಾದವನು ಒಬ್ಬನೇ, ಗ್ರೋವರ್ ಕ್ಲೀವ್‌ಲೆಂಡ್. ಅವನ ಕಥೆಯೂ ಹಗರಣದಿಂದಲೇ ಆರಂಭವಾಗುತ್ತದೆ. 1884ರ ಚುನಾವಣೆಯಲ್ಲಿ, ವಿವಾಹವಿಲ್ಲದೆ ಅವನಿಗೊಂದು ಮಗುವಿದೆ ಎಂಬ ಸುದ್ದಿ ಹಬ್ಬಿತು. ಸತ್ಯವನ್ನೇ ಹೇಳಿಬಿಡಿ ಎಂದು ಆತ ಗೆಳೆಯರಿಗೆ ತಿಳಿಸಿದ. ಎದುರಾಳಿ ಜೇಮ್ಸ್ ಬ್ಲೇನ್‌ನ ಖಾಸಗಿ ಬಾಳು ಶುದ್ಧ. ಆದರೆ ರೈಲ್ವೆ ಕಂಪನಿಗಳೊಡನೆ ಅವನ ವ್ಯವಹಾರ ಶುದ್ಧವಲ್ಲವೆಂಬ ಆರೋಪವಿತ್ತು. ಜನ ಯಾವ ಪಾಪ ರಾಜ್ಯಕ್ಕೆ ಹೆಚ್ಚು ಹಾನಿಕರವೆಂದು ತೂಗಿ ನೋಡಿದರು; ಕ್ಲೀವ್‌ಲೆಂಡ್ ಅತ್ಯಲ್ಪ ಅಂತರದಿಂದ ಗೆದ್ದ. 1991ರಲ್ಲಿ ಲೂಯಿಸಿಯಾನ ರಾಜ್ಯದಲ್ಲಿ ಲಂಚಗುಳಿಯೆಂದು ಹೆಸರಾಗಿದ್ದ ಎಡ್ವಿನ್ ಎಡ್ವರ್ಡ್ಸ್ ಗವರ್ನರ್ ಪದವಿಗೆ ನಿಂತಾಗ, ಎದುರಿಗಿದ್ದವನು ಕೂ ಕ್ಲಕ್ಸ್ ಕ್ಲಾನಿನ ಮಾಜಿ ನಾಯಕ ಡೇವಿಡ್ ಡ್ಯೂಕ್. ಕಳ್ಳನಿಗೇ ಮತ ಹಾಕಿ, ಅದು ಅಗತ್ಯ ಎಂಬ ಚೀಟಿಗಳನ್ನು ಜನ ಕಾರುಗಳಿಗೆ ಅಂಟಿಸಿಕೊಂಡರು; ಎಡ್ವರ್ಡ್ಸ್ ದೊಡ್ಡ ಅಂತರದಿಂದ ಗೆದ್ದ. 1998ರಲ್ಲಿ ಬಿಲ್ ಕ್ಲಿಂಟನ್ ಅವರ ಮೇಲೆ ಮಹಾಭಿಯೋಗ ಬಂದ ದಿನಗಳಲ್ಲಿಯೇ ಗ್ಯಾಲಪ್ ಸಂಸ್ಥೆಯ ಎಣಿಕೆಯಂತೆ ನೂರಕ್ಕೆ 73 ಮಂದಿ ಅವರ ಆಡಳಿತವನ್ನು ಮೆಚ್ಚಿದ್ದರು. ಹಗರಣವನ್ನು ದಾಟಿ ಮತ ಹಾಕುವುದು ಒಂದು ಪಕ್ಷದ ಗುಣವಲ್ಲ.

ಆದರೂ ಆ ಕಾಲಕ್ಕೂ ಈ ಕಾಲಕ್ಕೂ ಒಂದು ವ್ಯತ್ಯಾಸವಿದೆ. 1884ರ ಮತದಾರ ತಪ್ಪನ್ನು ತಪ್ಪೆಂದು ಒಪ್ಪಿ ತಕ್ಕಡಿಯಲ್ಲಿ ತೂಗಿದ. ಈಗ ಎಷ್ಟೋ ಮಂದಿಗೆ ತಕ್ಕಡಿಯೇ ಬದಲಾಗಿದೆ. ಖಾಸಗಿ ಬಾಳಿನಲ್ಲಿ ಅನೀತಿವಂತನಾದವನು ಸಾರ್ವಜನಿಕ ಕರ್ತವ್ಯವನ್ನು ನೀತಿಯಿಂದ ನಡೆಸಬಲ್ಲನೆ? 2011ರಲ್ಲಿ ಈ ಪ್ರಶ್ನೆ ಕೇಳಿದಾಗ ಅಮೆರಿಕದ ಇವ್ಯಾಂಜೆಲಿಕಲ್ ಪಂಥದ ಬಿಳಿಯರಲ್ಲಿ ನೂರಕ್ಕೆ 30 ಮಂದಿ ಮಾತ್ರ ಹೌದೆಂದಿದ್ದರು. 2016ರ ಅಕ್ಟೋಬರಿನಲ್ಲಿ ಹೌದೆಂದವರು 72. ಬೈಬಲ್ ಬದಲಾಗಿರಲಿಲ್ಲ, ಉಮೇದುವಾರ ಬದಲಾಗಿದ್ದರು. ಕ್ಲಿಂಟನ್ ಅವರ ಕಾಲದಲ್ಲಿ, 1998ರಲ್ಲಿ, ಅಧಿಕಾರಸ್ಥರ ಶೀಲ ಮುಖ್ಯವೆಂದು ನಿರ್ಣಯ ಮಾಡಿದ್ದವರೂ ಇದೇ ಧರ್ಮಶ್ರದ್ಧೆಯ ಸದರ್ನ್ ಬ್ಯಾಪ್ಟಿಸ್ಟರು ಎಂಬುದನ್ನು ನೆನೆದರೆ, ಮನುಷ್ಯನ ಮನಸ್ಸು ತನ್ನ ಒಲವಿಗೆ ತಕ್ಕಂತೆ ತನ್ನ ನೀತಿಯನ್ನು ಹೇಗೆ ಕತ್ತರಿಸಿ ಹೊಲಿದುಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಹೀಗೆಂದು ನಗುವುದು ಸುಲಭ. ಆದರೆ ನನ್ನ ನೆರೆಯವರು ನಗಿಸಿಕೊಳ್ಳಬೇಕಾದ ಮನುಷ್ಯರಲ್ಲ. ಆ ಬೆಳಿಗ್ಗೆ ಬೇಲಿಯ ಆಚೆ ಈಚೆ ನಿಂತು ನಾವು ಬಹಳ ಹೊತ್ತು ಮಾತನಾಡಿದೆವು. 2008ರಲ್ಲಿಯೂ 2012ರಲ್ಲಿಯೂ ಅವರು ಒಬಾಮ ಅವರಿಗೆ ಮತ ಹಾಕಿದ್ದರಂತೆ. ಅವರೊಬ್ಬರೇ ಅಲ್ಲ: ಒಬಾಮ ಅವರನ್ನು ಎರಡು ಸಲ ಗೆಲ್ಲಿಸಿ 2016ರಲ್ಲಿ ಟ್ರಂಪ್ ಅವರ ಕಡೆಗೆ ತಿರುಗಿದ ಕೌಂಟಿಗಳು ಇನ್ನೂರಕ್ಕೂ ಹೆಚ್ಚು. ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್ ಈ ಮೂರು ರಾಜ್ಯಗಳಲ್ಲಿ ಒಟ್ಟು ಸುಮಾರು 78 ಸಾವಿರ ಮತಗಳ ಅಂತರ ಆ ಚುನಾವಣೆಯನ್ನು ನಿರ್ಣಯಿಸಿತು.

“ನ್ಯಾಯಾಲಯದ ಮಾತಿನಲ್ಲಿ ನಿಮಗೆ ನಂಬಿಕೆಯಿಲ್ಲವೆ?” ಎಂದು ಕೇಳಿದೆ. ಅವರು ಹೇಳಿದ್ದು ಇದು: “ಕಾರ್ಖಾನೆ ಮುಚ್ಚಿದಾಗ, ಇದು ದೇಶಕ್ಕೆ ಒಳ್ಳೆಯದು, ನಿಮಗೆ ಬೇರೆ ಕೆಲಸ ಸಿಕ್ಕುತ್ತದೆ ಎಂದು ಓದಿದವರೆಲ್ಲ ಹೇಳಿದರು. ಸಿಕ್ಕಲಿಲ್ಲ. ಅವರಲ್ಲಿ ಒಬ್ಬರೂ ಕ್ಷಮೆ ಕೇಳಲಿಲ್ಲ. ಈಗ ಅವರೇ ಬಂದು ಈತ ಅಪರಾಧಿ ಎನ್ನುತ್ತಾರೆ.”

ಈ ಮಾತಿನಲ್ಲಿ ತರ್ಕದೋಷವಿದೆ. ಕಾರ್ಖಾನೆ ಮುಚ್ಚಿದವರು ಬೇರೆ, ಜ್ಯೂರಿಯಲ್ಲಿ ಕುಳಿತ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಬೇರೆ. ಆದರೆ ದೋಷದ ಹಿಂದೆ ನೋವಿದೆ, ನೋವಿಗೆ ಲೆಕ್ಕವಿದೆ. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಸುಮಾರು 1 ಕೋಟಿ 70 ಲಕ್ಷ. 2010ರಲ್ಲಿ ಉಳಿದವರು ಸುಮಾರು 1 ಕೋಟಿ 15 ಲಕ್ಷ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ಐದು ವರ್ಷ ಲೂಯಿಸಿಯಾನದ ಜನರೊಡನೆ ಒಡನಾಡಿ 2016ರಲ್ಲಿ ಒಂದು ಪುಸ್ತಕ ಬರೆದರು. ಅವರ ಮನಸ್ಸಿನಲ್ಲಿ ಇರುವ ಚಿತ್ರ, ಆಕೆಯ ಪ್ರಕಾರ, ಒಂದು ಸಾಲು: ಬೆಟ್ಟದ ಆಚೆಗಿರುವ ಸುಖಕ್ಕಾಗಿ ತಾವು ತಾಳ್ಮೆಯಿಂದ ಸಾಲಿನಲ್ಲಿ ನಿಂತಿದ್ದೇವೆ, ಸಾಲು ಚಲಿಸುತ್ತಿಲ್ಲ, ಮುಂದೆ ಯಾರು ಯಾರೋ ನಡುವೆ ನುಸುಳುತ್ತಿದ್ದಾರೆ, ನುಸುಳುವವರಿಗೆ ಸರ್ಕಾರವೇ ಕೈ ನೀಡುತ್ತಿದೆ. ಈ ಚಿತ್ರ ನಿಜವೊ ಅಲ್ಲವೊ, ಅದರೊಳಗೆ ಬದುಕುವವರಿಗೆ ಅದು ನಿಜ. ನಿಮ್ಮ ಸಾಲಿನ ಸಂಕಟ ನನಗೆ ಕಾಣುತ್ತದೆ ಎಂದವನ ನಡತೆಯನ್ನು ಅವರು ಪರೀಕ್ಷಿಸಲಿಲ್ಲ.

ಸುದ್ದಿ ತಂದವನನ್ನು ನಂಬದಿದ್ದಾಗ ಸುದ್ದಿಯಿಂದ ಪ್ರಯೋಜನವಿಲ್ಲ. 2016ರಲ್ಲಿ ಪತ್ರಿಕೆ, ಟೆಲಿವಿಷನ್‌ಗಳಲ್ಲಿ ನಂಬಿಕೆ ಉಳಿದಿದ್ದದ್ದು ಅಮೆರಿಕನ್ನರಲ್ಲಿ ನೂರಕ್ಕೆ 32 ಮಂದಿಗೆ. ರಿಪಬ್ಲಿಕನ್ ಪಕ್ಷದವರಲ್ಲಿ 14 ಮಂದಿಗೆ ಮಾತ್ರ. ಹಾಗಾಗಿ ಪ್ರತಿಯೊಂದು ಆರೋಪವೂ, ಆರೋಪಿಸಿದವರ ದ್ವೇಷಕ್ಕೆ ಸಾಕ್ಷಿಯಾಯಿತು. 2023ರ ಆಗಸ್ಟಿನಲ್ಲಿ ಜಾರ್ಜಿಯದ ಸೆರೆಮನೆಯಲ್ಲಿ ತೆಗೆದ ಅವರ ಭಾವಚಿತ್ರ ಅಂಗಿಗಳ ಮೇಲೆ, ಕಾಫಿ ಲೋಟಗಳ ಮೇಲೆ ಅಚ್ಚಾಗಿ ಮಾರಾಟವಾಯಿತು. ಜ್ಯೂರಿಯ ತೀರ್ಪು ಬಂದ 24 ಗಂಟೆಗಳಲ್ಲಿ 5 ಕೋಟಿಗೂ ಹೆಚ್ಚು ಡಾಲರ್ ದೇಣಿಗೆ ಬಂತೆಂದು ಅವರ ಪ್ರಚಾರ ಕಚೇರಿ ಹೇಳಿತು. ಕಳಂಕವೇ ಪದಕವಾಯಿತು.

ಇನ್ನೊಂದು ಕಾರಣ, ಪಕ್ಷವೆಂಬುದು ಅಲ್ಲಿ ಕುಲವಾಗಿಬಿಟ್ಟಿರುವುದು. ನಿಮ್ಮ ಮಗನೊ ಮಗಳೊ ಎದುರುಪಕ್ಷದ ಮನೆಯಲ್ಲಿ ಸಂಬಂಧ ಬೆಳೆಸಿದರೆ ಬೇಸರವೆ ಎಂದು 1960ರಲ್ಲಿ ಕೇಳಿದಾಗ, ಬೇಸರವೆಂದವರು ನೂರಕ್ಕೆ ಐದು ಮಂದಿಯಷ್ಟೆ. 2010ರಲ್ಲಿ ಅಂಥದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧ, ಡೆಮಾಕ್ರಟರಲ್ಲಿ ಮೂರನೆಯ ಒಂದು ಪಾಲು ಮಂದಿ ಬೇಸರವೆಂದರು. ಜಾತಿಯ ಬೀಗತನವನ್ನು ಬಲ್ಲ ನಮಗೆ ಈ ಅಂಕಿಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕುಲದ ಯಜಮಾನ ತಪ್ಪು ಮಾಡಿದರೆ ಮನೆಯೊಳಗೆ ಬಯ್ಯುತ್ತೇವೆ; ಪಂಚಾಯಿತಿಯಲ್ಲಿ ಬಿಟ್ಟುಕೊಡುವುದಿಲ್ಲ.

ಹಾಗೆಂದು ಈ ನಿಷ್ಠೆಯೆಲ್ಲ ಕುರುಡು ಎನ್ನಲಾಗದು. ಅದರಲ್ಲಿ ಲೆಕ್ಕಾಚಾರವೂ ಇದೆ. ಗರ್ಭಪಾತದ ಹಕ್ಕನ್ನು ವಿರೋಧಿಸುವ ಧರ್ಮಶ್ರದ್ಧರು ತಮಗೆ ಒಪ್ಪುವ ನ್ಯಾಯಾಧೀಶರನ್ನು ಬೇಡಿದರು. ಟ್ರಂಪ್ ಅವರು ಮೊದಲ ಅವಧಿಯಲ್ಲಿ ಮೂವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು. 2022ರ ಜೂನ್ ತಿಂಗಳಲ್ಲಿ ಆ ಕೋರ್ಟು ಸುಮಾರು ಐವತ್ತು ವರ್ಷದ ಹಿಂದಿನ ತೀರ್ಪನ್ನು ರದ್ದು ಮಾಡಿತು. ಕೊಟ್ಟ ಮತಕ್ಕೆ ಕೂಲಿ ಸಂದಿತು. 2024ರಲ್ಲಿ ಮೂಗು ಮುಚ್ಚಿಕೊಂಡು ಮತ ಹಾಕಿದವರೂ ಬಹುಮಂದಿ. ದಿನಸಿಯ ಬೆಲೆ ಅವರಿಗೆ ನ್ಯಾಯಾಲಯದ ತೀರ್ಪಿಗಿಂತ ಹತ್ತಿರದ ಸಂಗತಿಯಾಗಿತ್ತು. ಹಗರಣಗಳಿಂದ ಏನೂ ನಷ್ಟವಾಗಲಿಲ್ಲವೆಂಬುದೂ ನಿಜವಲ್ಲ. 2020ರಲ್ಲಿ ಅವರು ಸೋತರಲ್ಲವೆ? ಅಚಲರಾದ ಭಕ್ತರು ಒಂದು ಪಾಲು. ಅಳೆದು ಸುರಿದು ಬಂದವರು ಇನ್ನೊಂದು ಪಾಲು. ಇವರಿಬ್ಬರೂ ಸೇರಿದಾಗ ಗೆಲುವು.

ನೆರೆಯವರು ಮಾತಿನ ಕೊನೆಯಲ್ಲಿ ನನ್ನನ್ನೇ ಕೇಳಿದರು: “ನಿಮ್ಮ ದೇಶದಲ್ಲಿ ನೀವು ಎಂದೂ, ತಪ್ಪು ಮಾಡಿದವನೆಂದು ತಿಳಿದೂ ಮತ ಹಾಕಿಲ್ಲವೆ?” ಹಾಕಿದ್ದೇನೆ. ನಮ್ಮವನೆಂದು ಹಾಕಿದ್ದೇನೆ, ಎದುರಿನವನು ಇನ್ನೂ ಕೆಟ್ಟವನೆಂದು ನನಗೆ ನಾನೇ ಹೇಳಿಕೊಂಡು ಹಾಕಿದ್ದೇನೆ. ಅದನ್ನು ಅವರಿಗೆ ಒಪ್ಪಿಸಿದೆ. ಆಗ ಅವರು ತಮ್ಮ ಮಾತೊಂದನ್ನು ಹೇಳಿದರು. ಅವರಿಗೆ ಒಬ್ಬಳೇ ಮಗಳು. 2020ರ ಚುನಾವಣೆಯ ಜಗಳದಲ್ಲಿ ಮನೆ ಬಿಟ್ಟು ಹೋದವಳು ಮತ್ತೆ ಬಂದಿಲ್ಲ. ನವೆಂಬರ್ ತಿಂಗಳ ಹಬ್ಬದ ಊಟಕ್ಕೆ ನಾಲ್ಕು ವರ್ಷದಿಂದ ಅವಳ ಕುರ್ಚಿ ಖಾಲಿ. “ಆತನಿಗೆ ನನ್ನ ಹೆಸರೂ ತಿಳಿಯದು” ಎಂದು ಹೇಳಿ ಒಳಗೆ ಹೋದರು. ಫಲಕ ಅಲ್ಲಿಯೇ ಇತ್ತು.

ನನಗೆ ಜೋಳವಾಳಿ ನೆನಪಾದದ್ದು ಆಗ. ಹಳೆಯ ಕಾಲದ ಆಳು ಒಡೆಯನ ಜೋಳ ಉಂಡಿದ್ದ. ಋಣ ಆಳಿನದು, ತೀರಿಸಿದವನೂ ಆಳು. ಪಂಪನ ಕರ್ಣ ದುರ್ಯೋಧನನನ್ನು ಬಿಡದೆ ಹೋದದ್ದು ಅವನ ಗುಣಕ್ಕೆ ಮರುಳಾಗಿ ಅಲ್ಲ, ಋಣಕ್ಕೆ ಕಟ್ಟುಬಿದ್ದು. ಆದ್ದರಿಂದಲೇ ನಾವು ಕರ್ಣನಿಗಾಗಿ ಮರುಗುತ್ತೇವೆ. ಪ್ರಜಾಪ್ರಭುತ್ವದಲ್ಲಿಯಾದರೊ ಜೋಳ ಯಾರದು? ತೆರಿಗೆ ಕೊಡುವವನು ಪ್ರಜೆ, ಮತ ಕೊಡುವವನು ಪ್ರಜೆ. ಉಂಡವನು ನಾಯಕ. ಹಾಗಿರುವಾಗ ಋಣ ನಾಯಕನದು. ಜೋಳವಾಳಿಯನ್ನು ಸಲ್ಲಿಸಬೇಕಾದವನು ಅವನು. ಕೊಟ್ಟವನೇ ಸಾಲಗಾರನೆಂದು ನಂಬಿ, ತನ್ನ ಮಗಳನ್ನೂ ಆ ಸಾಲಕ್ಕೆ ತೆರುವಂತಾದರೆ, ಎಲ್ಲಿಯೊ ಲೆಕ್ಕ ತಲೆಕೆಳಗಾಗಿದೆ.

ಒಡೆಯ ಕೆಟ್ಟವನಾಗಿದ್ದರೆ ಎಂದು ಕೇಳಿದ ಹುಡುಗರಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕೇಳಿದರೆ ಹೇಳುತ್ತೇನೆ: ಒಡೆಯನಿದ್ದ ಕಾಲದಲ್ಲಿ ಆ ಪ್ರಶ್ನೆಗೆ ಎಡೆಯಿರಲಿಲ್ಲ, ಮಗು; ಈಗ ಒಡೆಯ ನೀನೇ. ಕೇಳುವುದೇ ನಿನ್ನ ವ್ರತ.