ಹಸಿರು ಬಿಟ್ಟ ಪಾಚಿಗಳು

ಪಾಚಿ ಅಂದ ಕೂಡಲೇ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿಸುವ ಹಸಿರು ಕಣ್ಣಿಗೆ ಬರುತ್ತದೆ. ಆದರೆ ಹಸಿರೇ ಇಲ್ಲದ ಪಾಚಿಗಳೂ ಇವೆ. ಹಸುವಿನ ಕೆಚ್ಚಲು ಬಾವಿಗೆ ಕಾರಣವಾಗುವ ಪ್ರೊಟೊತಿಕಾ ಅಂಥದ್ದು. ಆಹಾರಕ್ಕೆ ಬಿಸಿಲನ್ನು ನಂಬುವುದನ್ನು ಅದು ಯಾವತ್ತೋ ಬಿಟ್ಟಿದೆ.

ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಮೂಲದಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ ಒಂದು ಬ್ಯಾಕ್ಟೀರಿಯ. ನೂರು ಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಜೀವಕೋಶದ ಒಳಗೆ ಸೇರಿ ಅಲ್ಲೇ ಉಳಿಯಿತು. ಬರುವಾಗ ತನ್ನದೇ ಡಿಎನ್‌ಎ ತಂದಿತ್ತು. ಅದರಲ್ಲಿ ಬಹುಪಾಲು ಕಳೆದುಹೋಯಿತು, ಇಲ್ಲವೇ ಕೋಶಕೇಂದ್ರಕ್ಕೆ ವರ್ಗವಾಯಿತು. ಹಸಿರು ಪಾಚಿ ಕ್ಲಾಮಿಡೊಮೊನಾಸ್‌ನ ಕ್ಲೋರೋಪ್ಲಾಸ್ಟಿನಲ್ಲಿ ಈಗ ಉಳಿದಿರುವುದು ನೂರರ ಆಸುಪಾಸು ಜೀನ್‌ಗಳು.

ಬಿಸಿಲಿನ ಕೆಲಸ ನಿಂತ ಮೇಲೆ ಈ ಕೋಶಾಂಗವೇ ಹೋಗಬೇಕಲ್ಲವೇ? ಹೋಗುವುದಿಲ್ಲ. ಒಲೆ ಹಚ್ಚುವುದು ಬಿಟ್ಟರೂ ಅಡುಗೆಮನೆ ಬೇಕಾಗುತ್ತದೆ. ರುಬ್ಬುವುದು, ದಿನಸಿ ಇಡುವುದು ಅಲ್ಲೇ ತಾನೇ. ಕೊಬ್ಬಿನಾಮ್ಲ ಕಟ್ಟುವುದು, ಪಿಷ್ಟ ಕೂಡಿಡುವುದು ಇಂಥ ಕೆಲಸಗಳು ಪ್ಲಾಸ್ಟಿಡ್ಡಿನಲ್ಲೇ, ಅಂದರೆ ಹಸಿರಿರಲಿ ಬಿಡಲಿ ಈ ಕೋಶಾಂಗದಲ್ಲೇ, ನಡೆಯುತ್ತವೆ. ಹಾಗಾಗಿ ಪ್ಲಾಸ್ಟಿಡ್ ಉಳಿಯುತ್ತದೆ, ಡಿಎನ್‌ಎ ಮಾತ್ರ ಸವೆಯುತ್ತದೆ. ಪ್ರೊಟೊತಿಕಾದ ಒಂದು ಪ್ರಭೇದದಲ್ಲಿ ಅದು ಸುಮಾರು 55,000 ಅಕ್ಷರಗಳಿಗೆ ಇಳಿದಿದೆ. ಕ್ಲಾಮಿಡೊಮೊನಾಸ್‌ನಲ್ಲಿ 2 ಲಕ್ಷ.

ಕೊನೆಯವರೆಗೂ ಹೋದದ್ದು ಪಾಲಿಟೊಮೆಲ್ಲ, ಕ್ಲಾಮಿಡೊಮೊನಾಸ್‌ನ ಹತ್ತಿರದ ನೆಂಟ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬಣ್ಣವಿಲ್ಲದ ಒಂಟಿ ಜೀವಕೋಶ, ಈಜಲು ನಾಲ್ಕು ಕಶಾಂಗ, ಒಳಗೆಲ್ಲ ಪಿಷ್ಟದ ಕಾಳು. 2014ರಲ್ಲಿ ಕೆನಡಾದ ಡೇವಿಡ್ ಸ್ಮಿತ್ ಮತ್ತು ರಾಬರ್ಟ್ ಲೀ ಇದರ ನಾಲ್ಕು ಬಗೆಗಳ ಡಿಎನ್‌ಎ ಜಾಲಾಡಿದರು. ಪ್ಲಾಸ್ಟಿಡ್ಡಿನ ಡಿಎನ್‌ಎ ಒಂದು ಚೂರೂ ಸಿಗಲಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆನ್ನಲಾಗದು. ಅದಕ್ಕೇ ಅವರು ಕೋಶಕೇಂದ್ರದಲ್ಲೂ ಹುಡುಕಿದರು. ಆ ಡಿಎನ್‌ಎಯನ್ನು ನಕಲು ಮಾಡುವ, ಓದುವ ಸಲಕರಣೆಗಳ ಜೀನ್‌ಗಳೂ ಅಲ್ಲಿರಲಿಲ್ಲ. ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಈ ಎರಡನೆಯ ಸಾಕ್ಷಿಯೇ. ಪ್ಲಾಸ್ಟಿಡ್ ಮಾತ್ರ ಇದೆ, ಕೋಶಕೇಂದ್ರ ಕಳಿಸುವ ಪ್ರೋಟೀನುಗಳಿಂದಲೇ ನಡೆಯುತ್ತಿದೆ.

ಇದು ಪಾಚಿಯ ಪಂಡಿತರಿಗಷ್ಟೇ ಬೇಕಾದ ಸಂಗತಿಯಲ್ಲ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಕೂಡ ಹಸಿರು ಕಳೆದುಕೊಂಡ ವಂಶದ್ದೇ. ಅದರೊಳಗಿನ ಎಪಿಕೋಪ್ಲಾಸ್ಟ್ ಎಂಬ ಪ್ಲಾಸ್ಟಿಡ್ಡಿಗೆ ಸುಮಾರು 35,000 ಅಕ್ಷರಗಳ ಡಿಎನ್‌ಎ ಉಳಿದಿದೆ. ಅದು ಬ್ಯಾಕ್ಟೀರಿಯಾ ಮೂಲದ್ದಾದ್ದರಿಂದಲೇ ಡಾಕ್ಸಿಸೈಕ್ಲಿನ್ ಎಂಬ ಬ್ಯಾಕ್ಟೀರಿಯಾ ಔಷಧಿ ಮಲೇರಿಯಾಕ್ಕೂ ನಾಟುತ್ತದೆ. 2001ರಲ್ಲಿ ಬೆಂಗಳೂರಿನ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ ಈ ಪರಾವಲಂಬಿಯ ಕೊಬ್ಬಿನಾಮ್ಲದ ತಯಾರಿಯನ್ನು ಟ್ರೈಕ್ಲೋಸಾನ್ ಎಂಬ ರಾಸಾಯನಿಕದಿಂದ ತಡೆಯಬಹುದೆಂದು ತೋರಿಸಿದರು. ಆದರೆ ರಕ್ತದೊಳಗಿನ ಹಂತಕ್ಕೆ ಆ ತಯಾರಿ ಅಷ್ಟು ಮುಖ್ಯವಲ್ಲವೆಂದು ಮುಂದೆ ತಿಳಿಯಿತು. 2011ರಲ್ಲಿ ಅಮೆರಿಕದ ಎಲೆನ್ ಯೇ ಮತ್ತು ಜೋಸೆಫ್ ಡಿರೀಸಿ, ಐಪಿಪಿ ಎಂಬ ಒಂದೇ ಒಂದು ರಾಸಾಯನಿಕವನ್ನು ಹೊರಗಿಂದ ಒದಗಿಸಿದರೆ ರಕ್ತದ ಹಂತದ ಪರಾವಲಂಬಿ ಎಪಿಕೋಪ್ಲಾಸ್ಟ್ ಇಲ್ಲದೆಯೂ ಪ್ರಯೋಗಾಲಯದಲ್ಲಿ ಬದುಕುತ್ತದೆಂದು ಸಾಧಿಸಿದರು. ಆ ಹಂತದಲ್ಲಿ ಎಪಿಕೋಪ್ಲಾಸ್ಟ್ ಅನಿವಾರ್ಯವಾಗಿರುವುದು ಈ ಒಂದು ವಸ್ತುವಿಗಾಗಿ.

ಮಕ್ಕಳಲ್ಲಿ ವಾಂತಿಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಇದೇ ವಂಶದ ಮತ್ತೊಂದು ಪರಾವಲಂಬಿ. ಅದು ಡಿಎನ್‌ಎ ಅಷ್ಟೇ ಅಲ್ಲ, ಪ್ಲಾಸ್ಟಿಡ್ಡನ್ನೇ ಕಳೆದುಕೊಂಡಿದೆ. ಪ್ಲಾಸ್ಟಿಡ್ಡಿಗೆ ಗುರಿಯಿಟ್ಟ ಔಷಧಿಗೆ ಅಲ್ಲಿ ಗುರಿಯೇ ಇಲ್ಲ.