ಹೊಂಡದ ಮೀನಿಗೆ ರಾಟೆಗಾಳ



ಗಾಳ ಹಿಡಿದು ಕೂತವನನ್ನು ಕಂಡರೆ ನಮ್ಮ ಹಿರಿಯರು ಮೈಗಳ್ಳ ಅಂತ ಬೈಯುತ್ತಿದ್ದರು. ನಾನೂ ಬೈದವನೇ. ಆದರೆ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜಮೀನು ಮಾಡಿಕೊಂಡಿರುವ ನನ್ನ ಅಕ್ಕನ ಮಗನ ಮನೆಯಲ್ಲಿ ಒಂದು ಬೇಸಗೆ ಕಳೆದು ಬಂದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಯಾಕೆ ಅನ್ನುವುದನ್ನು ಈ ಹೊತ್ತು ನಿಮಗೆ ಹೇಳಬೇಕು.

ಅವನ ಹೊಲದಲ್ಲಿ ಒಂದೂವರೆ ಎಕರೆಯ ಹೊಂಡವಿದೆ. ಆ ಸೀಮೆಯಲ್ಲಿ ಇಂಥ ಹೊಂಡಗಳು ಬಹಳ. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿ ಮೀನು ಬಿಡುತ್ತಾರೆ. ಒಂದು ಬ್ಲೂಗಿಲ್, ಅಂಗೈಯಗಲದ ಚಪ್ಪಟೆ ಮೀನು, ಹುಳುಹುಪ್ಪಟೆ ತಿಂದು ಬದುಕುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಇನ್ನೊಂದು ಬಾಸ್. ದೊಡ್ಡ ಬಾಯಿನ ಬಾಸ್ ಅಂತಲೇ ಅದರ ಹೆಸರು. ಬಾಯಿ ಮುಚ್ಚಿದಾಗ ದವಡೆಯ ತುದಿ ಕಣ್ಣಿಗಿಂತ ಹಿಂದಕ್ಕೆ ಹೋಗಿರುತ್ತದೆ. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ. ಇದು ಬ್ಲೂಗಿಲ್ಲಿನ ಮರಿಗಳನ್ನು ನುಂಗಿ ಬೆಳೆಯುತ್ತದೆ. ಎರಡೂ ಹದವಾಗಿ ಇದ್ದರೆ ಹೊಂಡ ಚೆನ್ನಾಗಿರುತ್ತದೆ. ಈ ಹದದ ಲೆಕ್ಕವನ್ನು ಮೊದಲು ಕೂಲಂಕಷವಾಗಿ ನೋಡಿದವರು ಅದೇ ಅಲಬಾಮಾದ ಆಬರ್ನ್ ಕಾಲೇಜಿನ ಹೋಮರ್ ಸ್ವಿಂಗಲ್ ಎಂಬುವರು, 1930ರ ದಶಕದಿಂದ ಆಚೆಗೆ.

ನಾನು ಹೋದಾಗ ನಮ್ಮ ಹುಡುಗ ಸೋತು ಕೂತಿದ್ದ. "ಮಾವ, ಈ ಹೊಂಡದಲ್ಲಿ ಬಾಸ್ ಉಳಿದೇ ಇಲ್ಲ. ತಿಂಗಳಿಂದ ಗಾಳ ಎಸೀತಿದೀನಿ, ಒಂದೂ ಬೀಳಲಿಲ್ಲ. ಹೊಸದಾಗಿ ನೂರು ಮರಿ ತಂದು ಬಿಡ್ತೀನಿ" ಅಂದ. ಮುಂಗಡ ಕೊಡುವುದೊಂದು ಬಾಕಿ. ನಾನು ಅವನ ಜೊತೆ ಏರಿಯ ಮೇಲೆ ನಿಂತು ನೋಡಿದೆ. ಅವನು ಎಸೆದದ್ದು ಆರು ಮಾರು ದೂರ ಹೋಗಿ ಗಕ್ಕನೆ ನಿಂತಿತು. ರಾಟೆಯ ಮೇಲೆ ದಾರ ಗುಬ್ಬಚ್ಚಿ ಗೂಡಿನ ಹಾಗೆ ಉಬ್ಬಿಕೊಂಡಿತ್ತು. ಬಾಸ್ ಇರುವುದು ಆ ದಡದ ಮೋಟುಮರದ ಬುಡದಲ್ಲಿ, ಕಳೆಗಿಡದ ಅಂಚಿನಲ್ಲಿ. ಇವನ ಗಾಳ ಬೀಳುತ್ತಿದ್ದದ್ದು ನಡುನೀರಿಗೂ ಈಚೆ. ಮೀನಿಲ್ಲ ಅನ್ನುವುದಕ್ಕೆ ಇದು ಸಾಕ್ಷಿಯೇ ಹೇಳಿ?

ಪಕ್ಕದ ಜಮೀನಿನ ಮುದುಕರೊಬ್ಬರು, ದನ ಸಾಕುವವರು, ಆ ಸಂಜೆ ಬಂದು ನಮ್ಮಿಬ್ಬರಿಗೂ ಪಾಠ ಹೇಳಿದರು. ಅವರಿಂದ ಕಲಿತದ್ದನ್ನೇ ಈಗ ಒಪ್ಪಿಸುತ್ತೇನೆ.

ರಾಟೆಯಲ್ಲಿ ಎರಡು ಬಗೆ. ಒಂದು ಕೋಲಿನ ಕೆಳಗೆ ನೇತಾಡುತ್ತದೆ. ಅದರ ಉರುಳೆ ತಿರುಗುವುದಿಲ್ಲ, ದಾರ ಸುಮ್ಮನೆ ಸುರುಳಿಸುರುಳಿಯಾಗಿ ಕಳಚಿ ಹೋಗುತ್ತದೆ. ಅದು ಮಕ್ಕಳಿಗೂ ಸುಲಭ, ಹಗುರವಾದ ಎರೆಗೆ ಒಳ್ಳೆಯದು. ಇನ್ನೊಂದು ಕೋಲಿನ ಮೇಲೆ ಕೂರುತ್ತದೆ. ದಾರ ಹೋಗುವಾಗ ಉರುಳೆಯೂ ಗಿರ್ರನೆ ತಿರುಗುತ್ತದೆ. ಇದನ್ನು ಬೇಟ್‌ಕಾಸ್ಟಿಂಗ್ ರೀಲು ಅನ್ನುತ್ತಾರೆ. ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್ ಅನ್ನುವ ಗಡಿಯಾರದ ಕೆಲಸಗಾರ 19ನೆಯ ಶತಮಾನದ ಮೊದಲ ಭಾಗದಲ್ಲಿ ಆ ದೇಶದಲ್ಲಿ ಇದಕ್ಕೆ ದಾರಿ ಹಾಕಿದ. ಗಡಿಯಾರದ ಹಲ್ಲುಚಕ್ರವನ್ನೇ ಇಲ್ಲಿಗೆ ತಂದ. ಹಿಡಿ ಒಂದು ಸುತ್ತು ಸುತ್ತಿದರೆ ಉರುಳೆ ಹಲವು ಸುತ್ತು ತಿರುಗಬೇಕು, ಅಷ್ಟೇ ಉಪಾಯ. ಈಗಿನವುಗಳಲ್ಲಿ ಹಿಡಿಯ ಒಂದು ಸುತ್ತಿಗೆ ಉರುಳೆ ಐದರಿಂದ ಎಂಟು ಸುತ್ತಿನವರೆಗೂ ತಿರುಗುತ್ತದೆ. ಕಲಿಯುವವನಿಗೆ ಆರರ ಸುಮಾರಿನದು ಸಾಕು.

ಭಾರವಾದ ಎರೆಯನ್ನು ಇಟ್ಟ ಜಾಗಕ್ಕೇ ಎಸೆಯುವುದಕ್ಕೆ, ಮೋಟಿನ ಸಂದಿಯಿಂದ ಮೀನನ್ನು ಎಳೆದು ತರುವುದಕ್ಕೆ ಈ ಎರಡನೆಯ ರಾಟೆಯೇ ಸರಿ. ಆದರೆ ಅದು ಸುಮ್ಮನೆ ಪಳಗುವುದಿಲ್ಲ. ಹೊಸ ಹೋರಿ ಇದ್ದ ಹಾಗೆ.

ಕೊಳ್ಳುವಾಗ ಎಲ್ಲರೂ ರಾಟೆಯ ಹೊಳಪು ನೋಡುತ್ತಾರೆ. ನೀವು ಮೊದಲು ಎರೆಯ ತೂಕ ನೋಡಿ. ಕೋಲಿನ ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ, ಈ ಕೋಲು ಇಷ್ಟು ಔನ್ಸಿನಿಂದ ಇಷ್ಟು ಔನ್ಸಿನ ಎರೆಗೆ, ಇಷ್ಟು ಪೌಂಡಿನ ದಾರಕ್ಕೆ ಅಂತ ಬರೆದಿರುತ್ತದೆ. ನಮ್ಮ ಹುಡುಗನಿಗೆ ಅಂಗಡಿಯವನು ಕೊಟ್ಟದ್ದು ಒಂದರಿಂದ ನಾಲ್ಕು ಔನ್ಸಿನ ಕೋಲು; ಅದಕ್ಕೆ ಇವನು ಕಟ್ಟಿದ್ದು ಮೂರು ಗ್ರಾಮಿನ ಎರೆ! ಕೋಲು ಬಾಗಲೇ ಇಲ್ಲ. ಕೋಲು ಬಾಗಿ ಚಿಮ್ಮಿದರೆ ತಾನೇ ಎರೆ ಹಾರುವುದು? ಮುದುಕರು ಕೋಲನ್ನು ತೂಗಿ ನೋಡಿ, "ಕರು ಕಟ್ಟುವುದಕ್ಕೆ ಆನೆ ಸರಪಣಿ" ಅನ್ನುವಂಥ ಒಂದು ಮಾತಾಡಿ ನಕ್ಕರು.

ಹೊಂಡದ ಬಾಸಿಗೆ ಆರೂವರೆಯಿಂದ ಏಳು ಅಡಿಯ ಕೋಲು, ಕಾಲು ಔನ್ಸಿನಿಂದ ಮುಕ್ಕಾಲು ಔನ್ಸಿನದು, ಅಂದರೆ ಏಳರಿಂದ ಇಪ್ಪತ್ತೊಂದು ಗ್ರಾಮಿನದು ಸಾಕು. ಕಲಿಯುವಾಗ ಎರೆ ನಡುವಿನ ತೂಕದ್ದಿರಲಿ, ಅರ್ಧ ಔನ್ಸು. ಹಗುರಾದಷ್ಟೂ ಕಷ್ಟ. ದಾರ ಹನ್ನೆರಡು ಪೌಂಡಿನ ಸಾದಾ ನೈಲಾನ್. ಹೆಣೆದ ದಾರ ಬಲವಾದದ್ದು ನಿಜ, ಆದರೆ ಸಿಕ್ಕುಬಿದ್ದರೆ ಬಿಡಿಸುವುದಕ್ಕೆ ಕಣ್ಣು ಸಾಲದು. ಉರುಳೆಯ ಅಂಚಿಗಿಂತ ಒಂದು ಕೂದಲೆಳೆ ಕೆಳಗೆ ಬರುವ ಹಾಗೆ ಸುತ್ತಿ, ತುಂಬಿ ತುಳುಕಿಸಬೇಡಿ.

ಇನ್ನು ಸಿಕ್ಕು ಬೀಳುವುದು ಯಾಕೆ? ಇದೇ ಮುಖ್ಯವಾದ ಮಾತು. ಬಾವಿಗೆ ಕೊಡ ಇಳಿಬಿಡುವುದನ್ನು ನೆನೆಸಿಕೊಳ್ಳಿ. ಹಗ್ಗ ಸುತ್ತಿದ ಉರುಳೆಯ ಹಿಡಿಯನ್ನು ಪೂರಾ ಬಿಟ್ಟುಬಿಟ್ಟರೆ ಕೊಡ ದಡದಡ ಇಳಿದು ನೀರು ಮುಟ್ಟಿ ನಿಲ್ಲುತ್ತದೆ, ಆದರೆ ಉರುಳೆ ನಿಲ್ಲುವುದಿಲ್ಲ. ಹಗ್ಗ ಸಡಿಲವಾಗಿ ಮೇಲೆ ರಾಶಿ ಬೀಳುತ್ತದೆ. ಇಲ್ಲೂ ಅಷ್ಟೇಯ. ಎರೆ ಎಳೆಯುವುದಕ್ಕಿಂತ ಜೋರಾಗಿ ಉರುಳೆ ಓಡಿದರೆ ಸಿಕ್ಕು. ಅದನ್ನು ತಡೆಯುವುದಕ್ಕೆ ರಾಟೆಯಲ್ಲಿ ತಿರುಪು ಇದೆ, ಅಯಸ್ಕಾಂತದ ತಡೆ ಇದೆ, ಏನೇನೋ ಇದೆ. ಆದರೆ ನಿಜವಾದ ತಡೆ ನಿಮ್ಮ ಹೆಬ್ಬೆರಳು.

ಮೊದಲು ತಿರುಪನ್ನು ಹದ ಮಾಡಿ. ಎರೆ ಕಟ್ಟಿ, ಕೋಲನ್ನು ಮುಂದಕ್ಕೆ ಚಾಚಿ, ಗುಂಡಿ ಒತ್ತಿ ಬಿಡಿ. ಎರೆ ನಿಧಾನವಾಗಿ ಇಳಿಯಬೇಕು. ನೆಲ ಮುಟ್ಟಿದ ಕೂಡಲೇ ಉರುಳೆಯೂ ನಿಲ್ಲಬೇಕು. ನಿಲ್ಲದೆ ತಿರುಗಿದರೆ ತಿರುಪನ್ನು ಇನ್ನೊಂದಿಷ್ಟು ಬಿಗಿ ಮಾಡಿ. ಎರೆ ಬದಲಾಯಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಇನ್ನೊಂದು ತಡೆಯನ್ನು ಮೊದಮೊದಲು ಮುಕ್ಕಾಲು ಭಾಗ ಬಿಗಿಯಾಗೇ ಇಡಿ. ದೂರ ಹೋಗದಿದ್ದರೆ ಬೇಡ.

ಅಭ್ಯಾಸ ನೀರಿನಲ್ಲಿ ಬೇಡ, ಹುಲ್ಲಿನ ಮೇಲೆ ಮಾಡಿ. ಮುಳ್ಳಿಲ್ಲದ ತೂಕ ಒಂದನ್ನು ಕಟ್ಟಿ, ಹತ್ತು ಮಾರು ದೂರದಲ್ಲಿ ಒಂದು ಮಂಕರಿ ಇಡಿ. ಎರೆ ಕೋಲಿನ ತುದಿಯಿಂದ ಒಂದು ಗೇಣು ಕೆಳಗೆ ತೂಗಲಿ. ಹೆಬ್ಬೆರಳನ್ನು ಉರುಳೆಯ ಮೇಲೆ ಒತ್ತಿಟ್ಟು ಗುಂಡಿ ಬಿಡಿಸಿ. ಹಿಂದೆ ಯಾರಾದರೂ ನಿಂತಿದ್ದಾರೆಯೇ ನೋಡಿ; ಇದನ್ನು ಪ್ರತಿ ಸಲವೂ ನೋಡಬೇಕು, ಕಣ್ಣಿಗೆ ಗಾಳ ಸಿಕ್ಕಿದರೆ ಆಟವಲ್ಲ. ರಾಟೆಯ ಹಿಡಿ ಆಕಾಶದ ಕಡೆ ಬರುವಂತೆ ಮಣಿಕಟ್ಟು ಹೊರಳಿಸಿಕೊಳ್ಳಿ. ಮೆಲ್ಲಗೆ ಕೋಲನ್ನು ಹಿಂದಕ್ಕೆ ತನ್ನಿ, ಎರೆಯ ಭಾರ ತುದಿಗೆ ತಿಳಿಯಲಿ, ಮುಂದಕ್ಕೆ ಒಂದೇ ಹದದಲ್ಲಿ ಬೀಸಿ. ಕೋಲು ಕಣ್ಣಿನ ಮುಂದೆ ಬರುವ ಮೊದಲೇ ಹೆಬ್ಬೆರಳು ಸಡಿಲಿಸಿ. ಪೂರಾ ಎತ್ತಬೇಡಿ! ಮಗುವಿನ ಕೆನ್ನೆ ಸವರಿದಷ್ಟು ತಾಕುತ್ತಿರಲಿ. ಎರೆ ನೆಲ ಮುಟ್ಟುವುದಕ್ಕೆ ಒಂದು ಕ್ಷಣ ಮುಂಚೆ ಒತ್ತಿ ನಿಲ್ಲಿಸಿ. ಎರೆ ಎತ್ತರಕ್ಕೆ ಹೋಗಿ ಬಿದ್ದರೆ ಬೇಗ ಬಿಟ್ಟಿದ್ದೀರಿ. ಕಾಲ ಮುಂದೆಯೇ ದೊಪ್ಪನೆ ಬಿದ್ದರೆ ತಡವಾಗಿ ಬಿಟ್ಟಿದ್ದೀರಿ.

ಸಿಕ್ಕು ಬಿದ್ದರೆ ಸಿಟ್ಟಿಗೆದ್ದು ಎಳೆಯಬೇಡಿ. ನಾನು ಎಳೆದು ಅರ್ಧ ದಾರ ಕತ್ತರಿಸಿ ಎಸೆಯಬೇಕಾಯಿತು. ಹೆಬ್ಬೆರಳಿನಿಂದ ಸಿಕ್ಕನ್ನು ಉರುಳೆಗೆ ಬಿಗಿಯಾಗಿ ಒತ್ತಿ ಹಿಡಿದು ಹಿಡಿಯನ್ನು ಎರಡು ಸುತ್ತು ತಿರುಗಿಸಿ, ಆಮೇಲೆ ಮೆಲ್ಲಗೆ ದಾರ ಹೊರಕ್ಕೆ ಎಳೆದರೆ ಎಷ್ಟೋ ಸಲ ತಾನೇ ಬಿಟ್ಟುಕೊಳ್ಳುತ್ತದೆ. ಎದುರುಗಾಳಿಗೆ ಮಾತ್ರ ಎಸೆಯಲು ಹೋಗಬೇಡಿ. ಅದು ಕೈ ಪಳಗಿದವರ ಮಾತು. ನನಗೆ ಕೈ ಕೂಡಲು ನಾಲ್ಕು ಸಂಜೆ ಹಿಡಿಯಿತು, ಹುಡುಗನಿಗೆ ಎರಡು.

ಐದನೆಯ ದಿನ ಹೊಂಡಕ್ಕೆ ಹೋದೆವು. ಆ ದಡದ ಮೋಟಿನ ಪಕ್ಕಕ್ಕೇ ಎರೆ ಬಿತ್ತು, ಬಿದ್ದ ಹಾಗೇ ಬಾಸ್ ಹಿಡಿಯಿತು. ಹದಿನೈದು ದಿನದಲ್ಲಿ ಇಪ್ಪತ್ತಮೂರು ಹಿಡಿದೆವು. ಒಂದೊಂದನ್ನೂ ಅಳೆದು ತೂಗಿ ಪುಸ್ತಕದಲ್ಲಿ ಬರೆದೆವು. ಹತ್ತೊಂಬತ್ತು ಮೀನು ಹನ್ನೆರಡು ಅಂಗುಲಕ್ಕಿಂತ ಚಿಕ್ಕವು. ತಲೆ ದೊಡ್ಡದು, ಹೊಟ್ಟೆ ಬೆನ್ನಿಗೆ ಹತ್ತಿದ್ದು. ಎರೆಹುಳುವಿಗೆ ಬಿದ್ದ ಬ್ಲೂಗಿಲ್ ಮಾತ್ರ ಎಂಟೆಂಟು ಅಂಗುಲ, ಪುಷ್ಟವಾಗಿದ್ದವು. ಮುದುಕರು ಪುಸ್ತಕ ನೋಡಿ, ಬಾಸ್ ಕಡಿಮೆಯಾಗಿಲ್ಲ, ಕಿಕ್ಕಿರಿದಿದೆ ಅಂದರು. ಬಾಸ್ ಅತಿಯಾದರೆ ತಿನ್ನಲು ಮರಿ ಸಾಲದೆ ಅವು ಬಡಕಲಾಗುತ್ತವೆ, ತಪ್ಪಿಸಿಕೊಂಡ ಕೆಲವೇ ಬ್ಲೂಗಿಲ್ ಕೊಬ್ಬುತ್ತವೆ. ಬಾಸ್ ಕಡಿಮೆಯಾಗಿದ್ದರೆ ತಿರುವುಮುರುವು: ಬ್ಲೂಗಿಲ್ ಮೂರು ನಾಲ್ಕು ಅಂಗುಲದಲ್ಲೇ ನಿಂತುಬಿಡುತ್ತವೆ, ಸಿಗುವ ಒಂದೆರಡು ಬಾಸ್ ಭಾರಿ ಇರುತ್ತವೆ. ನಮ್ಮ ಹುಡುಗ ಆ ನೂರು ಮರಿ ತಂದು ಬಿಟ್ಟಿದ್ದರೆ ಹಸಿದ ಮನೆಗೆ ಇನ್ನೂ ನೂರು ಜನ ನೆಂಟರನ್ನು ಕರೆದ ಹಾಗೆ ಆಗುತ್ತಿತ್ತು. ಮುಂಗಡ ಕೊಡಲಿಲ್ಲ. ಚಿಕ್ಕ ಬಾಸ್‌ಗಳನ್ನು ಹಿಡಿದು ತೆಗೆಯುವುದೇ ಅದಕ್ಕೆ ಮದ್ದು.

ಗಾಳ ಬೇಸಾಯಗಾರನ ಕೈಗೂ ಹೊಸದಲ್ಲ ಬಿಡಿ. ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ ಅನ್ನುವ ಬಡ ರೈತನ ಮಗ 1932ರ ಜೂನ್ 2ರಂದು, ಮಳೆ ಬಂದು ಉಳುವುದಕ್ಕೆ ಆಗದೆ, ಗೆಳೆಯನೊಂದಿಗೆ ಗಾಳ ಹಾಕಲು ಹೋಗಿ 22 ಪೌಂಡು 4 ಔನ್ಸಿನ ಬಾಸ್ ಹಿಡಿದ. ತೂಗಿಸಿದ ಮೇಲೆ ಮನೆಗೆ ಒಯ್ದು ಅಡುಗೆ ಮಾಡಿ ತಿಂದರು. ಆ ತೂಕವನ್ನು ಸರಿಗಟ್ಟಲು 2009ರವರೆಗೆ ಯಾರಿಂದಲೂ ಆಗಲಿಲ್ಲ. ಆಗ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅನ್ನುವವರು ಹಿಡಿದ ಮೀನು ಅದಕ್ಕೆ ಸಮನಾಯಿತು.

ಬಿವಾ ಅಂದೆನಲ್ಲ, ಅಲ್ಲೊಂದು ಎಚ್ಚರಿಕೆಯೂ ಇದೆ. ಜಪಾನಿಗೆ ಬಾಸ್ ಹುಟ್ಟು ಮೀನಲ್ಲ; 1925ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರದಲ್ಲಿ ಬಿಟ್ಟರು. ಅಲ್ಲಿಂದ ದೇಶವೆಲ್ಲ ಹಬ್ಬಿ, ಅಲ್ಲಲ್ಲಿನ ಸಣ್ಣ ಮೀನುಗಳನ್ನು ತಿಂದು ಬೆಸ್ತರಿಗೆ ನಷ್ಟ ತಂದಿತು. 2005ರಿಂದ ಅದನ್ನು ಸಾಗಿಸಕೂಡದು, ಸಾಕಕೂಡದು ಅಂತ ಅಲ್ಲಿ ಕಾನೂನೇ ಇದೆ. ನೀವು ಕೃಷಿ ಹೊಂಡ ತೋಡಿಸಿ ಕಾಟ್ಲಾ, ರೋಹು ಬಿಟ್ಟಿದ್ದೀರಿ. ಯಾರಾದರೂ ಬಾಸ್ ಮರಿ ತಂದುಕೊಡುತ್ತೇನೆ ಅಂದರೆ ಮನೆಬಾಗಿಲಲ್ಲೇ ನಿಲ್ಲಿಸಿ ಕಳಿಸಿ. ರಾಟೆಗಾಳವನ್ನು ಮಾತ್ರ ತರಬಹುದು. ನಮ್ಮ ಕೆರೆಗಳ ಕೊರವ ಮೀನಿಗೂ ಕಪ್ಪೆಯಾಕಾರದ ಎರೆ ಕಟ್ಟಿ ಇದೇ ರಾಟೆಯಿಂದ ಎಸೆಯುವವರು ಇದ್ದಾರೆ. ಕೆರೆಯ ಮೀನಿನ ಹಕ್ಕು ಯಾರದು, ಗುತ್ತಿಗೆ ಯಾರದು ಎಂದು ವಿಚಾರಿಸಿಕೊಂಡೇ ಗಾಳ ಹಾಕಿ.

ಹುಡುಗ ಈಗಲೂ ಕಾಗದ ಬರೆಯುತ್ತಾನೆ. ಎರಡು ಬೇಸಗೆಯಲ್ಲಿ ಎಂಬತ್ತು ಚಿಕ್ಕ ಬಾಸ್ ತೆಗೆದಿದ್ದಾನಂತೆ. ಅರ್ಧ ಮುದುಕರ ಮನೆಗೆ, ಅರ್ಧ ತನ್ನ ಮನೆಗೆ. ಈ ಸಲ ಹಿಡಿದವುಗಳಲ್ಲಿ ಆರು ಹದಿನೈದು ಅಂಗುಲ ದಾಟಿವೆಯಂತೆ, ಹೊಟ್ಟೆಯೂ ತುಂಬಿಕೊಂಡಿದೆಯಂತೆ. ಅಳತೆ ಪುಸ್ತಕದ ಎರಡು ಹಾಳೆಯನ್ನು ನನಗೆ ಕಳಿಸಿದ್ದಾನೆ. ಕೊನೆಯಲ್ಲಿ ಒಂದು ಸಾಲು: "ಮಾವ, ನಿನ್ನೆ ಎದುರುಗಾಳಿಗೆ ಎಸೆದೆ. ಸಿಕ್ಕು ಬಿಡಿಸುತ್ತಾ ಕೂತು ಬರೀತಿದೀನಿ."